ಮಚ್ಚೆ ಮೇಡಂ ಮನೆಯಲ್ಲಿ ಬಿಸಿಲಿದ್ದರೆ ಜಗಳವಿಲ್ಲ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗೋಪುರದ ಕಬ್ಬಿಣದ ಮೆಟ್ಟಿಲು ಹತ್ತುತ್ತಿರುವ ಹೆಂಗಸಿನ ಒಂದು ಕೈಯಲ್ಲಿ ಟಾರ್ಚು, ಇನ್ನೊಂದು ಕೈಯಲ್ಲಿ ಮೆತ್ತನೆಯ ಬ್ರಷ್ಷು, ಬಾಯಲ್ಲಿ ಬೈಗುಳ. ಬೈಗುಳ ಪಾರಿವಾಳಗಳಿಗೆ. ಗುಮ್ಮಟದ ಸಂದಿಯಲ್ಲಿ ಸಂಸಾರ ಹೂಡಿರುವ ಒಂದು ಜೋಡಿ, ಇಡೀ ಗುಡ್ಡದ ಮೇಲೆ ಬೇರೆ ಜಾಗವೇ ಇಲ್ಲವೆಂಬಂತೆ, ಸೂರ್ಯನ ಬೆಳಕು ಬೀಳಬೇಕಾದ ಕನ್ನಡಿಯ ನೇರಕ್ಕೇ ಕೂತು ತಮ್ಮ ಕೆಲಸ ಮುಗಿಸಿಕೊಳ್ಳುತ್ತವೆ. ಅದನ್ನು ಒರೆಸುವುದರೊಂದಿಗೆ ಇವರ ದಿನ ಶುರುವಾಗುತ್ತದೆ.

"ಎಷ್ಟು ಮೆಟ್ಟಿಲು ಅಂತ ಬಂದೋರೆಲ್ಲ ಕೇಳ್ತಾರೆ. ನಾನು ಎಣಿಸೋದು ಬಿಟ್ಟು ಎಷ್ಟೋ ಕಾಲ ಆಯ್ತು. ಎಣಿಸಿದ ದಿನ ಮಂಡಿ ಜಾಸ್ತಿ ನೋಯುತ್ತೆ" ಎನ್ನುತ್ತಾರೆ ಅವರು, ನಡುವೆ ಒಂದು ಕಡೆ ನಿಂತು, ಕಂಬಿ ಹಿಡಿದು.

ಇವರನ್ನು ಬೀದಿಯವರೆಲ್ಲ ಕರೆಯುವುದು ಮಚ್ಚೆ ಮೇಡಂ ಎಂದು. ಮುಖದ ಮೇಲೆ ಒಂದೂ ಮಚ್ಚೆಯಿಲ್ಲ. ಮಚ್ಚೆಯಿರುವುದು ಸೂರ್ಯನ ಮುಖದ ಮೇಲೆ. ಸೂರ್ಯಕಲೆ ಎಂದು ಶಾಲೆಯ ಪುಸ್ತಕದಲ್ಲಿ ಓದಿರುತ್ತೀರಲ್ಲ, ಆ ಕಪ್ಪು ಚುಕ್ಕೆಗಳ ಕಾಂತಬಲವನ್ನು ಬಿಸಿಲಿರುವ ಪ್ರತಿ ಬೆಳಗ್ಗೆ ಕಣ್ಣಿನಿಂದ ನೋಡಿ ಅಳೆಯುವುದು ಇವರ ಉದ್ಯೋಗ. ಮೂವತ್ತು ವರ್ಷದ ಮೇಲಾಯಿತು. ಬೀದಿಯ ತುದಿಯ ದಿನಸಿ ಅಂಗಡಿಯಾತ ಇವತ್ತಿಗೂ ಇವರನ್ನು ಚರ್ಮರೋಗದ ಡಾಕ್ಟರೆಂದೇ ನಂಬಿದ್ದಾನೆ. ಒಮ್ಮೆ ಅಂಗಿ ಎತ್ತಿ ಬೆನ್ನು ತೋರಿಸಿದ್ದಾನೆ ಕೂಡ. ಮೇಡಂ ಕನ್ನಡಕ ಏರಿಸಿ ನೋಡಿ, "ಇದು ಬೆಳೀತಿಲ್ಲ, ಬಿಡಿ" ಎಂದು ಸಮಾಧಾನ ಹೇಳಿ ಬಂದರಂತೆ.

ಮೇಲೆ ಗುಮ್ಮಟ ಕಿರುಗುಟ್ಟುತ್ತ ತೆರೆದುಕೊಳ್ಳುತ್ತದೆ. ಅಲ್ಲಿ ಎರಡು ಕನ್ನಡಿ: ಒಂದು ಸೂರ್ಯನ ಬೆನ್ನು ಹತ್ತಿ ತಿರುಗುತ್ತದೆ, ಇನ್ನೊಂದು ಸಿಕ್ಕ ಬೆಳಕನ್ನು ನೇರ ಕೆಳಕ್ಕೆ ಕಳಿಸುತ್ತದೆ. ಮೇಡಂ ಕನ್ನಡಿ ಒರೆಸಿ, ಪಾರಿವಾಳಗಳಿಗೆ ಕೊನೆಯದೊಂದು ಮಾತು ಅಂದು, ಅಷ್ಟೂ ಮೆಟ್ಟಿಲು ಇಳಿದು ಕೆಳಗಿನ ಕತ್ತಲೆ ಕೋಣೆಗೆ ಬರುವ ಹೊತ್ತಿಗೆ ಅಲ್ಲಿ ಗ್ರೀಸಣ್ಣ ಕಾದಿರುತ್ತಾನೆ. ಗೋಪುರದ ಮೆಕ್ಯಾನಿಕ್ ಆತ. ಹಲ್ಲುಚಕ್ರ, ಹಗ್ಗ, ತಿರುಪು ಎಲ್ಲ ಅವನ ಸುಪರ್ದಿ. ಅವನು ಮುಟ್ಟಿದ ಬಾಗಿಲ ಹಿಡಿಕೆಯನ್ನು ಬೇರೆ ಯಾರೂ ಮುಟ್ಟುವುದಿಲ್ಲ.

"ಇದೆಯಾ ಮೇಡಂ?"

"ಇರಬಹುದು. ನೀನೂ ನೋಡು."

ಮೇಜಿನ ಮೇಲೆ ಊಟದ ತಟ್ಟೆಗಿಂತ ಕೊಂಚ ದೊಡ್ಡದಾದ ಸೂರ್ಯ ಬಂದು ಬಿದ್ದಿರುತ್ತಾನೆ, ಬೆಳ್ಳಗೆ, ಅಂಚು ಸ್ವಲ್ಪ ನಡುಗುತ್ತ. ಹೊತ್ತೇರಿ ನೆಲ ಕಾದರೆ ಗಾಳಿ ಕುದಿಯಲು ಶುರುವಾಗಿ ಬಿಂಬವೂ ಕುದಿಯುತ್ತದೆ. ಅದಕ್ಕೇ ಈ ಬೆಳಗಿನ ಅವಸರ. ಬಿಂಬದ ಮೇಲೆ ಹಾಳೆ ಹಾಸಿ, ಮಚ್ಚೆಗಳನ್ನು ಪೆನ್ಸಿಲಿನಿಂದ ಬರೆದುಕೊಂಡರೆ ಅರ್ಧ ಕೆಲಸ ಆದಂತೆ. ಉಳಿದ ಅರ್ಧವೇ ಕಷ್ಟದ್ದು.

ಮೇಜಿನ ನಡುವೆ ಕೂದಲೆಳೆಯಷ್ಟು ಸಣ್ಣ ಕಿಂಡಿಯಿದೆ. ಅದರೊಳಗೆ ಇಳಿದ ಬೆಳಕು ನೆಲದಡಿಯ ಬಾವಿಯಂಥ ಗುಂಡಿಗೆ ಹೋಗಿ, ತಳದಲ್ಲಿರುವ ಸಾವಿರಾರು ಗೀರುಗಳ ಗಾಜಿಗೆ ಬಡಿದು, ಬಣ್ಣಬಣ್ಣವಾಗಿ ಬಿಡಿಸಿಕೊಂಡು ಮೇಲೆ ಬರುತ್ತದೆ. ಈ ಬಣ್ಣದ ಪಟ್ಟಿಯೇ ರೋಹಿತ. ಅದರ ತುಂಬ ಕಪ್ಪು ಗೆರೆಗಳು, ಒಂದೊಂದು ಗೆರೆ ಸೂರ್ಯನಲ್ಲಿರುವ ಒಂದೊಂದು ಧಾತುವಿನದು. ಮೇಡಂ ನೋಡುವುದು ಕೆಂಪು ಭಾಗದಲ್ಲಿರುವ ಕಬ್ಬಿಣದ ಒಂದು ಗೆರೆಯನ್ನು ಮಾತ್ರ. ಕಾಂತವಿಲ್ಲದ ಕಡೆ ಅದು ನೆಟ್ಟಗಿರುತ್ತದೆ. ಮಚ್ಚೆಯೊಳಗಿಂದ ಬಂದ ಬೆಳಕಾದರೆ ಗೆರೆ ಸೀಳಿಕೊಳ್ಳುತ್ತದೆ, ಕಾಂತ ಬಲವಾದಷ್ಟೂ ಅಗಲವಾಗಿ. ಕಿಂಡಿಯ ಮುಂದೆ ಬೆರಳುದ್ದದ ಒಂದು ಗಾಜಿನ ಪಟ್ಟಿ ಇಟ್ಟರಂತೂ ಗೆರೆ ಗರಗಸದ ಹಲ್ಲಿನ ಹಾಗೆ ಅಂಕುಡೊಂಕಾಗಿ ಕಾಣುತ್ತದೆ, ಒಂದು ಹಲ್ಲು ಎಡಕ್ಕೆ, ಮುಂದಿನದು ಬಲಕ್ಕೆ. ಆಗ ಒಂದು ಗಾಜಿನ ಬಿಲ್ಲೆಯನ್ನು ತಿರುಪಿನಿಂದ ಮೆಲ್ಲಗೆ ಓರೆ ಮಾಡುತ್ತ ಹೋಗಬೇಕು. ಹಲ್ಲುಗಳೆಲ್ಲ ಒಂದರ ಕೆಳಗೊಂದು ಬಂದು ಗೆರೆ ಮತ್ತೆ ನೆಟ್ಟಗಾದ ಕ್ಷಣ ಕೈ ನಿಲ್ಲಬೇಕು. ಬಿಲ್ಲೆ ಎಷ್ಟು ಓರೆಯಾಗಿದೆಯೋ ಅದು ಕಾಂತದ ಬಲ ಹೇಳುತ್ತದೆ. ಮೊದಲ ಹಲ್ಲು ಯಾವ ಕಡೆಗಿತ್ತೋ ಅದು ಮಚ್ಚೆ ಉತ್ತರ ಧ್ರುವವೋ ದಕ್ಷಿಣವೋ ಎಂದು ಹೇಳುತ್ತದೆ. ಒಂದು ಸಾಧಾರಣ ಮಚ್ಚೆಯ ಬಲ ಎರಡು ಸಾವಿರ ಗಾಸ್ ದಾಟುತ್ತದೆ. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಕಾಂತಕ್ಕಿಂತ ಹತ್ತಾರು ಪಟ್ಟು ಹೆಚ್ಚು, ಅದೂ ನಮ್ಮ ಭೂಮಿ ಇಡಿಯಾಗಿ ಮುಳುಗಿಹೋಗುವಷ್ಟು ಅಗಲದ ಜಾಗದಲ್ಲಿ.

"ಜನ ಏನಂದ್ಕೊಂಡಿದಾರೆ ಅಂದ್ರೆ, ನಾನು ದಿನಾ ಸೂರ್ಯನ್ನ ದುರುಗುಟ್ಕೊಂಡು ನೋಡ್ತೀನಿ ಅಂತ. ನಾನು ಅವನ ಮುಖ ಸರಿಯಾಗಿ ನೋಡೇ ಇಲ್ಲ ಕಣ್ರೀ. ಅವನ ಒಂದು ಗೆರೆ ನೋಡಿದೀನಿ, ಅಷ್ಟೇ" ಎಂದು ನಗುತ್ತಾರೆ ಮೇಡಂ.

ಹಾಗಾದರೆ ಈ ಕೆಲಸವನ್ನು ಉಪಗ್ರಹ ಮಾಡುವುದಿಲ್ಲವೇ? ಮಾಡುತ್ತದೆ, ಇಪ್ಪತ್ತನಾಲ್ಕು ಗಂಟೆಯೂ ಮಾಡುತ್ತದೆ. ಆದರೆ ಮೇಡಮ್ಮಿನ ಹಿಂದಿನವರು, ಅವರ ಹಿಂದಿನವರು, ಅವರಿಗೂ ಹಿಂದಿನವರು ಇದೇ ಮೇಜಿನ ಮುಂದೆ ಕೂತು, ಇದೇ ತಿರುಪು ತಿರುಗಿಸಿ, ಕಣ್ಣಿನಿಂದಲೇ ಅಳೆದಿಟ್ಟಿದ್ದಾರೆ. ಅಜ್ಜನ ಕಾಲದ ಮಚ್ಚೆಯನ್ನು ಇವತ್ತಿನ ಮಚ್ಚೆಯ ಪಕ್ಕ ಇಟ್ಟು ನೋಡಬೇಕಾದರೆ ಅಳತೆಗೋಲು ಒಂದೇ ಇರಬೇಕಲ್ಲ. ಅದಕ್ಕಾಗಿ ಈ ಸರಣಿ ನಿಲ್ಲಬಾರದು. ಉಪಗ್ರಹದ ಚಿತ್ರವನ್ನು ಮೊದಲೇ ನೋಡಿಬಿಟ್ಟರೆ ಕಣ್ಣು ಅದನ್ನೇ ಕಾಣತೊಡಗುತ್ತದೆ ಎಂಬ ಭಯಕ್ಕೆ ಗೋಪುರಕ್ಕೆ ಬಂದವರೆಲ್ಲ ಮೊಬೈಲನ್ನು ಬಾಗಿಲ ಬಳಿಯ ಬಿಸ್ಕತ್ ಡಬ್ಬಿಗೆ ಹಾಕಿ ಒಳಗೆ ಬರಬೇಕು. ವೀಕ್ಷಣಾಲಯದ ನಿರ್ದೇಶಕರೂ ಹಾಕಬೇಕು. ಡಬ್ಬಿ ಬೆಳಗ್ಗೆಯೆಲ್ಲ ಗುಂಯ್ ಗುಂಯ್ ಅನ್ನುತ್ತ ನಡುಗುತ್ತಿರುತ್ತದೆ. ಒಳಗಿರುವುದು ಹಳೆಯ ಕಾಲದ ತಂತಿ ಫೋನು ಒಂದೇ.

ಆ ಫೋನಿಗೆ ಹೆಚ್ಚಾಗಿ ಕರೆ ಮಾಡುವವರು ಮೇಡಮ್ಮಿನ ಅತ್ತೆ.

ಅತ್ತೆಯ ವಿಷಯ ಹೇಳದೆ ಈ ಗೋಪುರದ ವಿಷಯ ಹೇಳಲಾಗುವುದಿಲ್ಲ. ಮನೆ ಗುಡ್ಡದ ಬುಡದಲ್ಲಿದೆ, ಗಾಳಿ ಬೀಸಿ ಬರುವ ದಿಕ್ಕಿನಲ್ಲಿ. ಮೋಡದ ನೆರಳು ಮೊದಲು ಅವರ ಅಂಗಳಕ್ಕೆ ಬೀಳುತ್ತದೆ, ಆಮೇಲೆ ಗೋಪುರಕ್ಕೆ. ಬಿಸಿಲು ಮರಳುವುದೂ ಅದೇ ಕ್ರಮದಲ್ಲಿ. ಹೀಗಾಗಿ ಅಡುಗೆಮನೆಯ ಕಿಟಕಿಯಲ್ಲಿ ಕೂತ ಅತ್ತೆ ಹವಾಮಾನ ಇಲಾಖೆಗಿಂತ ಮುಂಚೆ ಸುದ್ದಿ ಕೊಡುತ್ತಾರೆ. "ಬರ್ತಾ ಇದೆ, ದೊಡ್ಡದು, ಬೇಗ ಮುಗಿಸ್ಕೋ" ಎಂದು ಫೋನು. "ಹೋಯ್ತು, ಶುರು ಮಾಡು" ಎಂದು ಮತ್ತೊಂದು ಫೋನು. ಸಂಬಳವಿಲ್ಲ, ಹುದ್ದೆಯಿಲ್ಲ, ಈ ಲೇಖನ ಬರೆಸಿದ ಪುರವಣಿಯವರು ಅವರ ಫೋಟೊ ಕೂಡ ಕೇಳಲಿಲ್ಲವೆಂಬ ಬೇಸರ ಮಾತ್ರ ಇದೆ.

ಇನ್ನೊಂದು ಕೆಲಸವನ್ನೂ ಅವರು ಮಾಡುತ್ತಾರೆ, ಇದು ಮೊದಲಿನದಕ್ಕಿಂತ ಕಷ್ಟದ್ದು. ಬಿಸಿಲಿರುವಾಗ ಬಾಯಿಗೆ ಬೀಗ ಹಾಕಿಕೊಳ್ಳುತ್ತಾರೆ. ಸೊಸೆ ಅತ್ತರೆ ಕಣ್ಣು ಊದುತ್ತದೆ, ಊದಿದ ಕಣ್ಣಿಗೆ ಗರಗಸದ ಹಲ್ಲು ಕಾಣುವುದಿಲ್ಲ. ಆದ್ದರಿಂದ ಆಕಾಶ ಶುಭ್ರವಾಗಿರುವಷ್ಟು ದಿನ, ಹಗಲಿರಲಿ ಸಂಜೆಯಿರಲಿ, ಆ ಮನೆಯಲ್ಲಿ ಜಗಳವಿಲ್ಲ. ಈರುಳ್ಳಿ ಹೆಚ್ಚುವುದೂ ಮೇಡಮ್ಮಿನ ಗಂಡನ ಪಾಲಿಗೆ ಬಂದಿದೆ. ಮನಸ್ತಾಪ ಏನೇ ಇದ್ದರೂ ಹೊಟ್ಟೆಯಲ್ಲಿಟ್ಟುಕೊಂಡು ಮೋಡಕ್ಕೆ ಕಾಯಬೇಕು. ಮೋಡ ಕವಿಯಿತೋ, ಬಾಕಿಯಿದ್ದದ್ದೆಲ್ಲ ಒಟ್ಟಿಗೆ ಹೊರಬರುತ್ತದೆ. ಮಳೆಗಾಲದಲ್ಲಿ ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಳ್ಳುವುದು ಬರೀ ಮಳೆಗೆ ಹೆದರಿ ಅಲ್ಲ.

"ಬೇಸಿಗೆಯಲ್ಲಿ ನಮ್ಮಮ್ಮ ಬಡವಾಗಿ ಹೋಗ್ತಾರೆ. ಒಳಗೇ ಅದುಮಿಟ್ಕೊಂಡು ಅದುಮಿಟ್ಕೊಂಡು" ಎನ್ನುತ್ತಾರೆ ಮೇಡಮ್ಮಿನ ಗಂಡ. ವೃತ್ತಿಯಲ್ಲಿ ದರ್ಜಿ. ಮಾತಾಡುವಾಗಲೂ ಕಾಲು ಹೊಲಿಗೆ ಯಂತ್ರದ ಮೇಲೆಯೇ ಇರುತ್ತದೆ. "ಮೊದಲೆಲ್ಲ ನನ್ನ ಹೊಲಿಗೆ ನೋಡಿ, ಇಲ್ಲಿ ಸೊಟ್ಟ ಆಗಿದೆ ಬಿಚ್ರೀ ಅಂತಿದ್ಲು. ಅವಳು ಸೊಟ್ಟ ಅಂದ್ರೆ ಮುಗೀತು, ಅಪೀಲಿಲ್ಲ. ಈಗ, ಸೊಟ್ಟ ಇರಬಹುದು, ಇನ್ನೊಬ್ರಿಗೂ ತೋರ್ಸಿ ಅಂತಾಳೆ. ನನ್ನ ಮದುವೆಯಾಗಿ ಸುಖವಾಗಿದೀಯಾ ಅಂತ ಕೇಳಿದ್ರೂ ಇನ್ನೊಬ್ರ ಕೈಲಿ ಚೆಕ್ ಮಾಡಿಸ್ತಾಳೇನೋ. ಭಯಕ್ಕೆ ನಾನು ಕೇಳೋಕೇ ಹೋಗಿಲ್ಲ."

ಎಲ್ಲ ಶುರುವಾದದ್ದು ಒಂದು ಕೇಕಿನಿಂದ.

ಸೂರ್ಯನಿಗೊಂದು ವಾಡಿಕೆಯಿದೆ. ಮಚ್ಚೆಗಳು ಸಾಮಾನ್ಯವಾಗಿ ಜೋಡಿಯಾಗಿ ಬರುತ್ತವೆ, ಒಂದು ಮುಂದೆ, ಒಂದು ಹಿಂದೆ. ಸೂರ್ಯನ ಉತ್ತರದ ಅರ್ಧದಲ್ಲಿ ಮುಂದಿನ ಮಚ್ಚೆಗಳೆಲ್ಲ ಒಂದೇ ಧ್ರುವದವು. ಸುಮಾರು ಹನ್ನೊಂದು ವರ್ಷ ಹೀಗೇ ನಡೆದು, ಮಚ್ಚೆಗಳು ಕಡಿಮೆಯಾಗುತ್ತ ಬಂದು, ಸೂರ್ಯ ತಿಂಗಳುಗಟ್ಟಲೆ ಬೋಳಾಗುತ್ತಾನೆ. ಆಮೇಲೆ ಒಂದು ದಿನ ಸೂರ್ಯನ ನಡುಗೆರೆಯಿಂದ, ಅಂದರೆ ಸಮಭಾಜಕದಿಂದ, ತುಂಬ ಮೇಲೆ ಒಂದು ಪುಟ್ಟ ಜೋಡಿ ಹುಟ್ಟುತ್ತದೆ, ಅದರ ಧ್ರುವಗಳು ಅದಲುಬದಲಾಗಿರುತ್ತವೆ. ಹೊಸ ಸುತ್ತು ಶುರುವಾಯಿತೆಂಬುದಕ್ಕೆ ಅದೇ ಗುರುತು. ಅದನ್ನು ಮೊದಲು ಕಾಣುವುದು ಈ ಕೆಲಸದವರ ಜೀವನದಲ್ಲಿ ಎರಡೋ ಮೂರೋ ಸಲ ಸಿಗುವ ಭಾಗ್ಯ.

ಕಳೆದ ಸಲ ಸೂರ್ಯ ಬೋಳಾಗಿದ್ದಾಗ ಒಂದು ಬೆಳಗ್ಗೆ ಒಂಟಿ ಜೋಡಿಯೊಂದು ಕಂಡಿತು. ಸ್ವಲ್ಪ ಮೇಲಿತ್ತು, ಆಸೆಗಣ್ಣಿಗೆ ಇನ್ನೂ ಸ್ವಲ್ಪ ಮೇಲೆ ಕಂಡಿತು. ಮೇಡಂ ಗೆರೆ ನೋಡಿದರು. ಹಲ್ಲು ತಿರುಗಿತ್ತು! ಕೋಣೆಯಿಂದ ಹೊರಗೆ ಓಡಿ ಬಂದು, "ತಿರುಗಿದಾನೆ, ಸೂರ್ಯ ತಿರುಗಿದಾನೆ" ಎಂದು ಕೂಗಿದರು. ಇನ್ನೊಬ್ಬರ ಕಣ್ಣಿಗೆ ತೋರಿಸುವ ವ್ಯವಧಾನ ಯಾರಿಗಿತ್ತು? ನಿರ್ದೇಶಕರು ಮೂರು ದೇಶಗಳಿಗೆ ಸುದ್ದಿ ಕಳಿಸಿ, ನಾಲ್ಕನೆಯದಾಗಿ ಬೇಕರಿಗೆ ಫೋನು ಮಾಡಿದರು. ಮಧ್ಯಾಹ್ನ ಕೇಕು ಬಂತು, ಅದರ ಹಿಂದೆಯೇ ಸತ್ಯವೂ ಬಂತು. ಉಪಗ್ರಹದ ಪ್ರಕಾರ ಸೂರ್ಯ ಎಂದಿನಂತೆಯೇ ಇದ್ದ. ತಿರುಗಿದ್ದು ಗಾಜಿನ ಪಟ್ಟಿ.

ಹಿಂದಿನ ದಿನ ಮೇಡಂ ಆ ಪಟ್ಟಿಯನ್ನು ತಾವೇ ಶ್ರದ್ಧೆಯಿಂದ ತೊಳೆದಿದ್ದರು. ಯಾವ ಮಗ್ಗುಲು ಮೇಲೆ ಎಂಬುದಕ್ಕೆ ಮೂಲೆಯಲ್ಲಿದ್ದ ಬಣ್ಣದ ಚುಕ್ಕೆಯನ್ನು ಕೊಳೆಯೆಂದು ಭಾವಿಸಿ ಉಜ್ಜಿ ತೆಗೆದಿದ್ದರು. ಪಟ್ಟಿ ಮಗುಚಿ ಕೂತಿತು, ಎಡದ ಹಲ್ಲು ಬಲಕ್ಕೆ ಹೋಯಿತು, ಉತ್ತರವೆಲ್ಲ ದಕ್ಷಿಣವಾಯಿತು. ಅಷ್ಟೇ ಕಥೆ. ಮೂರು ದೇಶಗಳಿಗೆ ಕ್ಷಮಾಪಣೆ ಹೋಯಿತು. ಬೇಕರಿಯವನು ಮಾತ್ರ ಕೇಕು ವಾಪಸು ತೆಗೆದುಕೊಳ್ಳಲು ಒಪ್ಪಲಿಲ್ಲ. ಎಲ್ಲರೂ ಸುತ್ತ ನಿಂತು, ಯಾರ ಮುಖವನ್ನೂ ಯಾರೂ ನೋಡದೆ, ಅದನ್ನು ತಿಂದು ಮುಗಿಸಿದರು.

ಯಾರೂ ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತೇನೋ. ಹೊಟ್ಟೆ ಹುಣ್ಣಾಗುವಂತೆ ನಕ್ಕರು, ನಗುತ್ತಲೇ ಬಂದರು. ಸಮ್ಮೇಳನಗಳಲ್ಲಿ ಯಾರೋ ಅಪರಿಚಿತರು ಬಂದು, "ಸೂರ್ಯನ್ನ ಮಗುಚಿ ಹಾಕಿದೋರು ನೀವೇ ಅಲ್ವಾ?" ಎಂದು ಕೈಕುಲುಕುತ್ತಿದ್ದರು. ಮೇಡಂ ಅವರೊಂದಿಗೆ ತಾವೂ ನಗುತ್ತಿದ್ದರು. ಆದರೆ ಅಂದಿನಿಂದ ಅವರ ಅಳತೆಯ ಪಕ್ಕದಲ್ಲೊಂದು ಪ್ರಶ್ನಾರ್ಥಕ ಚಿಹ್ನೆ ಬಂದು ಕೂತಿತು. ಮೊದಮೊದಲು ಹಾಳೆಯ ಮೇಲೆ ಮಾತ್ರ. ಬರಬರುತ್ತ ನಾಲಿಗೆಯ ಮೇಲೂ. ಇದನ್ನು ಹೇಳುವಾಗ ಮಾತ್ರ ಅವರು ನಗುವುದಿಲ್ಲ. ಮೂವತ್ತು ವರ್ಷ ಒಂದು ಗೆರೆಯನ್ನು ನೋಡಿದವರಿಗೆ ತಮ್ಮ ಕಣ್ಣಿನ ಮೇಲೆಯೇ ನಂಬಿಕೆ ಹೋಗುವುದೆಂದರೆ ಅದು ಸಣ್ಣ ದುಃಖವಲ್ಲ.

ಪಟ್ಟಿಯ ಮೂಲೆಗೆ ಈಗ ಉಗುರುಬಣ್ಣದ ಕೆಂಪು ಚುಕ್ಕೆಯಿದೆ. ಬಣ್ಣದ ಸೀಸೆ ಕಚೇರಿಯ ಲೆಕ್ಕದಲ್ಲಿ 'ಕೆಂಪು ಗುರುತಿನ ದ್ರವ' ಎಂಬ ಹೆಸರಿನಲ್ಲಿದೆ. ಅದನ್ನು ಕೊಂಡದ್ದೇಕೆ ಎಂದು ಮೇಲಿನವರು ಕೇಳಿದ್ದಾರೆ, ನಿರ್ದೇಶಕರು ಇನ್ನೂ ಉತ್ತರ ಬರೆಯುತ್ತಿದ್ದಾರೆ.

ಈಗ ಮತ್ತೆ ಸೂರ್ಯ ಬಹುತೇಕ ಬೋಳಾಗಿದ್ದಾನೆ. ಮತ್ತೆ ಎಲ್ಲರೂ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಾರೆ. ಮೇಡಮ್ಮಿಗೆ ಮಾತ್ರ ಒಂದು ಗಡುವಿದೆ. ಅವರ ಬಲಗಣ್ಣಿಗೆ ಪೊರೆ ಬಂದಿದೆ, ನಾಡಿದ್ದು ಆಪರೇಷನ್ನು. ಸೂರ್ಯನ ಕಾಟವಲ್ಲ, ವಯಸ್ಸಿನ ಕಾಟವೆಂದು ಡಾಕ್ಟರು ಹೇಳಿದ್ದಾರೆ. ಅತ್ತೆಗೂ ಇದೇ ವಯಸ್ಸಿಗೆ ಆಗಿತ್ತಂತೆ. ಆಪರೇಷನ್ ಆದಮೇಲೆ ಕೆಲವು ವಾರ ಗೋಪುರ ಹತ್ತುವ ಹಾಗಿಲ್ಲ. ಆಮೇಲೂ ಹೊಸ ಮಸೂರದ ಕಣ್ಣು ಹಳೆಯ ಗೆರೆಯನ್ನು ಹಳೆಯ ಹಾಗೆಯೇ ಕಾಣುತ್ತದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. "ತಪ್ಪು ಮಾಡಿದ್ದು ಈ ಕಣ್ಣು. ಸರಿ ಮಾಡೋದೂ ಇದೇ ಕಣ್ಣಲ್ಲಿ ಆಗ್ಲಿ ಅಂತ ಒಂದು ಹಟ" ಎನ್ನುತ್ತಾರೆ.

ಇವತ್ತಿನ ಹಾಳೆಯ ಮೇಲೆ ಮೊದಲು ಕಾಣುವುದು ಹಳೆಯ ಪರಿಚಯದ ಮಚ್ಚೆಯೊಂದು, ಕಳೆದ ಕೆಲವು ದಿನಗಳಿಂದ ನಡುಗೆರೆಯ ಪಕ್ಕದಲ್ಲೇ ಸಾಗಿ ಈಗ ಅಂಚಿನ ಕಡೆ ಸರಿದಿದೆ. ಮೇಡಂ ಅದನ್ನು ಬರೆದುಕೊಂಡು ಪೆನ್ಸಿಲು ಎತ್ತುತ್ತಾರೆ. ಎತ್ತಿದ ಕೈ ಹಾಗೇ ನಿಲ್ಲುತ್ತದೆ. ತುಂಬ ಮೇಲೆ, ಇಷ್ಟು ದಿನ ಏನೂ ಇರದಿದ್ದ ಕಡೆ, ಎರಡು ಕಪ್ಪು ಕಣ. ಮೆಣಸಿನ ಪುಡಿ ಉದುರಿದಷ್ಟು.

ಅವರು ಉಸಿರು ಬಿಗಿಹಿಡಿದು ಹಾಳೆಯನ್ನು ಒಂದು ಬೆರಳಷ್ಟು ಪಕ್ಕಕ್ಕೆ ಎಳೆಯುತ್ತಾರೆ. ಧೂಳಾದರೆ ಹಾಳೆಯೊಂದಿಗೆ ಸರಿಯಬೇಕು. ಕಣಗಳು ಸರಿಯುವುದಿಲ್ಲ. ಹಾಳೆ ಮಾತ್ರ ಸರಿಯುತ್ತದೆ, ಅವು ಸೂರ್ಯನ ಮೇಲೆಯೇ ನಿಂತಿವೆ.

"ಗ್ರೀಸಣ್ಣ, ಕನ್ನಡಿ ಒಂಚೂರು ಮೇಲೆ. ಇನ್ನೊಂಚೂರು. ಸಾಕು. ಉಸಿರಾಡ್ಬೇಡ."

"ನಾನು ಉಸಿರಾಡಿದ್ರೆ ಸೂರ್ಯ ಅಲ್ಲಾಡ್ತಾನಾ ಮೇಡಂ?"

"ಅಲ್ಲಾಡಬಹುದು."

ಜೋಡಿಯ ಮುಂದಿನ ಕಣ ಕಿಂಡಿಯ ಮೇಲೆ ಬಂದು ಕೂರುತ್ತದೆ. ಮೇಡಂ ಬಲಗಣ್ಣನ್ನು ಮಸೂರಕ್ಕೆ ಒತ್ತುತ್ತಾರೆ. ಕೆಂಪು ಪಟ್ಟಿ, ಅದರ ನಡುವೆ ಕಬ್ಬಿಣದ ಗೆರೆ, ಪೊರೆಯ ಮಸುಕಿನಲ್ಲೂ ಸ್ಪಷ್ಟ. ಇಷ್ಟು ವರ್ಷ ಈ ಅರ್ಧದ ಮುಂದಿನ ಮಚ್ಚೆಗಳಲ್ಲಿ ಮೊದಲ ಹಲ್ಲು ಎಡಕ್ಕಿರುತ್ತಿತ್ತು. ಇಲ್ಲಿ ಬಲಕ್ಕಿದೆ. ಬಿಲ್ಲೆ ಓರೆ ಮಾಡುತ್ತಾರೆ. ಹಲ್ಲು ಕೂಡಿಕೊಳ್ಳುತ್ತವೆ. ಸಾವಿರದ ಆರುನೂರು ಗಾಸ್ ಆಸುಪಾಸು.

ಹೊರಗೆ ಓಡುವುದಿಲ್ಲ. ಎದ್ದು ಗಾಜಿನ ಪಟ್ಟಿಯನ್ನು ನೋಡುತ್ತಾರೆ. ಕೆಂಪು ಚುಕ್ಕೆ ಇರಬೇಕಾದ ಮೂಲೆಯಲ್ಲೇ ಇದೆ. ಆದರೂ ಮನಸ್ಸು ಒಪ್ಪುವುದಿಲ್ಲ. ಚುಕ್ಕೆಯನ್ನೇ ತಪ್ಪು ಮೂಲೆಗೆ ಹಾಕಿದ್ದರೆ? ನಂಬಲು ಒಂದೇ ದಾರಿ: ಅಂಚಿನ ಆ ಹಳೆಯ ಮಚ್ಚೆಯನ್ನು ಇದೇ ಪಟ್ಟಿಯಲ್ಲಿ ನೋಡಬೇಕು. ಅದೂ ಉತ್ತರದ ಅರ್ಧದ್ದೇ, ಹಳೆಯ ಸುತ್ತಿನ ಮುಂದಿನ ಮಚ್ಚೆ. ಅದರಲ್ಲಿ ಹಲ್ಲು ಎಂದಿನಂತೆ ಎಡಕ್ಕಿದ್ದರೆ ಪಟ್ಟಿ ಸರಿಯಿದೆ, ತಿರುಗಿದವನು ಸೂರ್ಯನೇ. ಅದೂ ಬಲಕ್ಕಿದ್ದರೆ ಇನ್ನೊಂದು ಕೇಕು.

ಅಷ್ಟರಲ್ಲಿ ಫೋನು. "ಬರ್ತಾ ಇದೆ. ಎಮ್ಮೆ ಥರ ಇದೆ" ಎನ್ನುತ್ತಾರೆ ಅತ್ತೆ. ಮೇಡಂ ತಿರುಗಿ ನೋಡುವಷ್ಟರಲ್ಲಿ ಮೇಜಿನ ಮೇಲಿನ ಸೂರ್ಯ ಬೂದುಬಣ್ಣಕ್ಕೆ ತಿರುಗಿ ಇಲ್ಲವಾಗುತ್ತಾನೆ. ಫೋನಿನ ರಿಸೀವರು ಇನ್ನೂ ಕೆಳಗಿಟ್ಟಿಲ್ಲ, ಅದರೊಳಗಿಂದ ದನಿ ಬರುತ್ತಲೇ ಇದೆ.

"ಮೋಡ ಹೇಗೂ ಬಂತಲ್ಲ. ನಿನ್ನ ಹತ್ರ ಒಂದು ಮಾತಿದೆ."

"ಅತ್ತೆ, ಕೆಲಸದಲ್ಲಿದೀನಿ."

"ಮೋಡದಲ್ಲಿ ಏನಮ್ಮ ಕೆಲಸ? ಎರಡು ವಾರದಿಂದ ಒಂದು ಮೋಡ ಇಲ್ಲ, ನನಗೆ ಎದೆ ಭಾರ ಆಗಿದೆ. ಕೇಳಿಲ್ಲಿ. ಮೊನ್ನೆ ಆಸ್ಪತ್ರೇಲಿ ಡಾಕ್ಟ್ರು, ಯಾವ ಕಣ್ಣಮ್ಮ ಮಂಜು ಅಂದ್ರೆ ನೀನೇನಂದೆ? ಬಲಗಣ್ಣು ಇರಬಹುದು ಅಂದೆ. ನಾಡಿದ್ದು ಕತ್ತಿ ಹಿಡ್ಕೊಂಡು ನಿಂತೋರ ಮುಂದೆ ಇರಬಹುದು ಅಂದ್ರೆ ಅವರು ಯಾವುದನ್ನ ಕೊಯ್ಬೇಕು?"

"ಅವರ ಹತ್ರ ರಿಪೋರ್ಟ್ ಇರುತ್ತೆ ಅತ್ತೆ."

"ರಿಪೋರ್ಟ್ ಇರುತ್ತೆ, ನೀನಿರಲ್ಲ. ಉಪ್ಪು ಸರಿಯಿದೆಯಾ ಅಂದ್ರೆ, ಇರಬಹುದು, ಅವರನ್ನೂ ಕೇಳಿ. ಅವನನ್ನ ಕೇಳಿದ್ರೆ, ಅವಳೇನಂದ್ಲು ಅಂತಾನೆ. ಹನ್ನೊಂದು ವರ್ಷದಿಂದ ಈ ಮನೇಲಿ ಉಪ್ಪಿಗೊಂದು ತೀರ್ಮಾನ ಇಲ್ಲ. ಈ ಮನೆಗೆ ಬಂದಾಗ ಹೇಗಿದ್ದೆ ನೀನು! ಬಂದ ವಾರವೇ ನನ್ನ ಅಡುಗೆಗೆ ಹೆಸರಿಟ್ಟವಳು. ಆವತ್ತು ಕೋಪ ಬಂದಿತ್ತು, ಆದ್ರೆ ಅಂದ್ಕೊಂಡೆ, ಇವಳ ಮಾತು ಮಾತು ಅಂತ. ಆ ಹಾಳು ಕೇಕು ತಿಂದಾಗಿನಿಂದ ನಿನ್ನ ನಾಲಿಗೆ ಬಿದ್ದುಹೋಗಿದೆ. ಒಂದು ಸಲ ತಪ್ಪಾಯ್ತು. ಅದಕ್ಕೆ ಜೀವಮಾನ ಪೂರ್ತಿ ಇರಬಹುದಾ?"

ಗ್ರೀಸಣ್ಣ ಗೋಡೆಯ ಕಡೆ ತಿರುಗಿ, ಗ್ರೀಸೇ ಬೇಡದ ಒಂದು ಮೊಳೆಗೆ ಗ್ರೀಸು ಹಚ್ಚುತ್ತ ನಿಲ್ಲುತ್ತಾನೆ. ಮೇಡಮ್ಮಿನ ಕಣ್ಣು ತುಂಬಿ ಬರುತ್ತದೆ, ಎರಡೂ ಕಣ್ಣು. ಮೂಗು ಸೊರ್ ಎನ್ನುತ್ತದೆ.

ಅತ್ತ ಕಡೆ ಒಮ್ಮೆಲೇ ದನಿ ಬದಲಾಗುತ್ತದೆ. "ಅಯ್ಯೋ, ಅಳ್ತಿದೀಯಾ? ಅಳ್ಬೇಡ, ಅಳ್ಬೇಡ! ನಮ್ಮ ಅಂಗಳಕ್ಕೆ ಬಿಸಿಲು ಬಂತು! ಕಣ್ಣೊರೆಸ್ಕೋ, ಉಜ್ಜಬೇಡ, ಒತ್ತಿ ಒರೆಸ್ಕೋ. ಉಳಿದದ್ದು ಇನ್ನೊಂದು ಮೋಡಕ್ಕೆ. ಇಡು ಫೋನು!"

ಮೇಡಂ ಕಣ್ಣೊರೆಸಿಕೊಳ್ಳುತ್ತಾರೆ, ಒತ್ತಿ. ಮೇಜಿನ ಮೇಲೆ ಸೂರ್ಯ ಮೆಲ್ಲಗೆ ತುಂಬಿಕೊಳ್ಳುತ್ತಾನೆ. ಗ್ರೀಸಣ್ಣ ಹೇಳಿಸಿಕೊಳ್ಳದೆಯೇ ಕನ್ನಡಿ ತಿರುಗಿಸಿ ಅಂಚಿನ ಹಳೆಯ ಮಚ್ಚೆಯನ್ನು ಕಿಂಡಿಗೆ ತರುತ್ತಾನೆ. ಬಲಗಣ್ಣು ಮಸೂರಕ್ಕೆ ಹೋಗುತ್ತದೆ. ಅಂಚಿಗೆ ಹೋದ ಮಚ್ಚೆಯ ಹಲ್ಲು ಮೊಂಡಾಗಿರುತ್ತದೆ, ಕಾಣುವುದು ಕಷ್ಟ. ಗೆರೆ ಒಮ್ಮೆ ನಡುಗಿ, ನಿಂತು, ಬಿಡಿಸಿಕೊಳ್ಳುತ್ತದೆ. ಮೊದಲ ಹಲ್ಲು ಎಡಕ್ಕೆ.

ಅವರು ಏನೂ ಹೇಳದೆ ಎದ್ದು ಸ್ಟೂಲು ಬಿಟ್ಟುಕೊಡುತ್ತಾರೆ. ಗ್ರೀಸಣ್ಣ ಕೈಯನ್ನು ಅಂಗಿಗೆ ಒರೆಸಿಕೊಂಡು ಕೂರುತ್ತಾನೆ. ಮೊದಲು ನೋಡಿದವರು ತಮ್ಮ ಉತ್ತರ ಹೇಳಬಾರದೆಂಬುದು, ಕೇಕಿನ ನಂತರ ಇಲ್ಲಿ ಬಂದ ಕಾಯಿದೆ. ಅಂಚಿನದನ್ನು ನೋಡುತ್ತಾನೆ, ಕನ್ನಡಿ ಸರಿಸಿಕೊಂಡು ಮೇಲಿನದನ್ನು ನೋಡುತ್ತಾನೆ, ಮತ್ತೆ ಅಂಚಿಗೆ ಹೋಗಿ ಬರುತ್ತಾನೆ. ಹಾಲು ಉಕ್ಕುವಷ್ಟು ಹೊತ್ತಾಗುತ್ತದೆ.

"ಹಳೇದು ಎಡ" ಎನ್ನುತ್ತಾನೆ ಕೊನೆಗೆ. "ಹೊಸದು ಬಲ. ಮೇಡಂ, ಹೊಸದು ಬಲ!"

ಹೊರಗೆ ಬಾಗಿಲ ಬಳಿ ನಿರ್ದೇಶಕರು ಎಷ್ಟು ಹೊತ್ತಿನಿಂದ ನಿಂತಿದ್ದರೋ. ಕೈ ಆಗಲೇ ಬಿಸ್ಕತ್ ಡಬ್ಬಿಯ ಮುಚ್ಚಳದ ಮೇಲಿದೆ. ತೆಳ್ಳಗಿನ, ಸದಾ ಅವಸರದ ಮನುಷ್ಯ. "ತಿರುಗಿದಾನೇನಮ್ಮ?" ಎಂದು ಕೇಳುತ್ತಾರೆ.

ಮೇಡಂ ಹಾಳೆಯ ಮೇಲೆ ಬಾಗಿ, ಪುಟ್ಟ ಜೋಡಿಯ ಪಕ್ಕ ಅಳತೆ ಬರೆಯುತ್ತಾರೆ. ಅಭ್ಯಾಸಬಲದಿಂದ ಪೆನ್ಸಿಲು ಪ್ರಶ್ನಾರ್ಥಕದ ಕೊಕ್ಕೆ ಎಳೆಯಲು ಹೋಗಿ, ಅರ್ಧದಲ್ಲಿ ನಿಲ್ಲುತ್ತದೆ. ರಬ್ಬರು ತೆಗೆದು ಆ ಅರ್ಧವನ್ನು ಅಳಿಸಿ, ಊದಿ, ಹಾಳೆ ಎತ್ತಿ ಕೊಡುತ್ತಾರೆ.

"ತಿರುಗಿದಾನೆ ಸಾರ್."

ನಿರ್ದೇಶಕರು ಇನ್ನೂ ಕಾಯುತ್ತಿದ್ದಾರೆ, ಮುಂದಿನ 'ಇರಬಹುದು'ಗಾಗಿ. ಅದು ಬರುವುದಿಲ್ಲ. ಡಬ್ಬಿ ತೆರೆಯುತ್ತಾರೆ, ಮೊಬೈಲು ತೆಗೆದು ಉಪಗ್ರಹದ ಚಿತ್ರ ನೋಡುತ್ತಾರೆ, ಅದನ್ನು ಮೇಡಮ್ಮಿನ ಮುಂದೆ ಹಿಡಿಯುತ್ತಾರೆ. ಮೇಡಂ ನೋಡುವುದಿಲ್ಲ. "ನಾನು ನೋಡಿಯಾಯ್ತಲ್ಲ ಸಾರ್" ಎನ್ನುತ್ತಾರೆ. ಆಮೇಲೆ ನಿರ್ದೇಶಕರು ಮೂರು ದೇಶಗಳನ್ನು ಹಿಂದಕ್ಕಿಟ್ಟು ಮೊದಲು ಬೇಕರಿಗೆ ಫೋನು ಮಾಡುತ್ತಾರೆ. ಬೇಕರಿಯವನು, ಹಳೆಯ ಅನುಭವಸ್ಥ, ವಾಪಸು ತೆಗೆದುಕೊಳ್ಳುವುದಿಲ್ಲವೆಂದು ಮೊದಲೇ ಹೇಳಿಬಿಡುತ್ತಾನೆ.

ಸಂಜೆ ಮನೆಯಲ್ಲಿ ಕೇಕಿನ ಎರಡು ತುಂಡು ತಟ್ಟೆಯಲ್ಲಿ ಬಂದಿವೆ. ದರ್ಜಿ ಒಂದನ್ನು ಅಗಿಯುತ್ತ, ಅಳತೆ ಟೇಪು ಕೊರಳಲ್ಲೇ ಇರುವಂತೆ ಇನ್ನೊಂದನ್ನು ನೋಡುತ್ತ ಕೂತಿದ್ದಾರೆ. ಅತ್ತೆ ಒಲೆಯ ಮುಂದೆ ಸೂಪು ಕಲಕುತ್ತಿದ್ದಾರೆ. ಬೆಳಗಿನ ಸುದ್ದಿಗೆ ಅವರು "ಸರಿ, ಅವನಾದ್ರೂ ತಿರುಗಿದ್ನಲ್ಲ" ಎಂದಷ್ಟೇ ಹೇಳಿದ್ದಾರೆ. ಅವರ ಚಮಚ ಎಂದಿನಂತೆ ಸೊಸೆಯ ಮುಂದೆ ಬರುತ್ತದೆ.

"ಉಪ್ಪು ನೋಡು."

ಮೇಡಂ ಊದಿ, ಕುಡಿದು, ಒಂದು ಕ್ಷಣ ಕಣ್ಣು ಮುಚ್ಚುತ್ತಾರೆ.

"ಜಾಸ್ತಿಯಾಗಿದೆ ಅತ್ತೆ."

ಹೊಲಿಗೆ ಯಂತ್ರದ ಪಕ್ಕದಲ್ಲಿ ಅಗಿಯುವ ಸದ್ದು ನಿಲ್ಲುತ್ತದೆ. ಅತ್ತೆ ಚಮಚ ಹಿಡಿದ ಕೈ ಸೊಂಟಕ್ಕೇರುತ್ತದೆ, ಬಾಯಿ ತೆರೆಯುತ್ತದೆ. ಆದರೆ ಬಾಯಿಗಿಂತ ಮೊದಲು ಕಣ್ಣು ಕಿಟಕಿಗೆ ಹೋಗುತ್ತದೆ. ಹೊರಗೆ ಆಕಾಶ ಮೂಲೆಯಿಂದ ಮೂಲೆಗೆ ತೊಳೆದಿಟ್ಟ ಹಾಗಿದೆ, ಒಂದು ಹತ್ತಿಯೆಳೆಯಷ್ಟೂ ಮೋಡವಿಲ್ಲ. ತೆರೆದ ಬಾಯಿ ಮುಚ್ಚಿಕೊಳ್ಳುತ್ತದೆ. ಒಲೆಯ ಕಡೆ ತಿರುಗಿ ಪಾತ್ರೆಗೆ ಒಂದು ಲೋಟ ನೀರು ಸುರಿಯುತ್ತಾರೆ. ಬೆನ್ನು ಮಾತ್ರ ಕಾಣುತ್ತದೆ. ಆ ಬೆನ್ನು ನಗುತ್ತಿದೆಯೆಂದು ದರ್ಜಿ ಆಮೇಲೆ ಪ್ರಮಾಣ ಮಾಡಿ ಹೇಳುತ್ತಾರೆ.

ಇನ್ನೇನು ಆಸೆ ಉಳಿದಿದೆ ಎಂದು ಕೇಳಿದರೆ ಮಚ್ಚೆ ಮೇಡಂ ಬಹಳ ಹೊತ್ತು ಯೋಚಿಸುವುದಿಲ್ಲ.

"ನಾಡಿದ್ದು ಒಂದು ದಿನ ಪೂರ್ತಿ ಮೋಡ ಇರ್ಲಿ. ಬಿಸಿಲಿದ್ರೆ ನನಗೆ ಆಸ್ಪತ್ರೆ ಮಂಚದ ಮೇಲೆ ಮನಸ್ಸು ನಿಲ್ಲಲ್ಲ. ಮೋಡ ಇದ್ರೆ ಅತ್ತೆನೂ ಕಿಟಕಿ ಬಿಟ್ಟು ಜೊತೆಗೆ ಬರಬಹುದು." ತಮ್ಮನ್ನು ತಾವೇ ತಿದ್ದಿಕೊಳ್ಳುತ್ತಾರೆ. "ಬರಬಹುದು ಅಲ್ಲ. ಬರ್ತಾರೆ. ಉಪ್ಪಿನ ವಿಷಯ ಬಾಕಿ ಇದೆಯಲ್ಲ."